ಪ್ರಯೋಗದ ಲೆಕ್ಕವೂ ಬೇಸಾಯದ ಒಂದು ಅಂಗ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಸುತ್ತಣ ಗ್ರಾಮಗಳಲ್ಲಿ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡಿರತಕ್ಕದ್ದು. ಬೆಟ್ಟದ ಕಡೆಯ ಇಳಿಜಾರಿನಲ್ಲಿ ಮಣ್ಣು ತೆಳುವಾಗಿ, ಕಲ್ಲು ಕೂಡಿಕೊಂಡಿರುತ್ತದೆ. ತಗ್ಗಿಗೆ ಬಂದಂತೆಲ್ಲ ಆಳವೂ ತೇವವೂ ಹೆಚ್ಚುತ್ತವೆ. ಒಬ್ಬನೇ ಯಜಮಾನನ ಒಂದೇ ಹೊಲದಲ್ಲಿಯೂ ಮೇಲಣ ಬದುವಿನ ಪೈರಿಗೂ ಕೆಳಗಣ ಬದುವಿನ ಪೈರಿಗೂ ಅಂತರವಿರುವುದನ್ನು ಅರಿಯದ ರೈತನಿಲ್ಲ. ಆದರೆ ಹೊಸ ಬೀಜವನ್ನೋ ಹೊಸ ಗೊಬ್ಬರವನ್ನೋ ಪರೀಕ್ಷಿಸುವ ಸಮಯದಲ್ಲಿ ಮಾತ್ರ ಈ ಅರಿವು ಮರೆತುಹೋಗುತ್ತದೆ.

ಒಬ್ಬ ಜಮೀನುದಾರನು ತಗ್ಗಿನ ಹೊಲಕ್ಕೆ ಹೊಸ ಮೆಕ್ಕೆಜೋಳದ ಬೀಜವನ್ನೂ, ಮೇಲಿನ ಹೊಲಕ್ಕೆ ಹಳೆಯ ಬೀಜವನ್ನೂ ಹಾಕಿದನೆಂದು ಭಾವಿಸೋಣ. ತಗ್ಗಿನಲ್ಲಿ ಹೆಚ್ಚು ಬೆಳೆಯಿತು. ಮರುವರ್ಷ ಅವನು ಸಾಲ ಮಾಡಿ ಇಡೀ ಜಮೀನಿಗೆ ಹೊಸ ಬೀಜವನ್ನೇ ತರುತ್ತಾನೆ. ಅವನನ್ನು ನೋಡಿ ಊರೂ ಅದನ್ನೇ ಬಿತ್ತುತ್ತದೆ. ಗೆದ್ದದ್ದು ಬೀಜವೋ ಭೂಮಿಯೋ ಎಂಬುದನ್ನು ಯಾರೂ ಕೇಳಲಿಲ್ಲ. ಗೆದ್ದದ್ದು ಭೂಮಿಯೇ ಆಗಿದ್ದಲ್ಲಿ ನಷ್ಟವು ಒಬ್ಬನದಾಗದೆ ಊರಿನದಾಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ ಒಪ್ಪುತ್ತದೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ವ್ಯವಸಾಯ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಆರ್. ಎ. ಫಿಷರ್ ಎಂಬ ವಿದ್ವಾಂಸರು ಇದೇ ತೊಡಕನ್ನು ಬಿಡಿಸಲು ಶ್ರಮಿಸಿದರು. 1925ರಲ್ಲಿಯೂ 1935ರಲ್ಲಿಯೂ ಅವರು ಪ್ರಕಟಿಸಿದ ಗ್ರಂಥಗಳ ಸಾರವನ್ನು ಬೇಸಾಯಗಾರನ ಮಾತಿನಲ್ಲಿ ಹೀಗೆ ಹೇಳಬಹುದು: ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿ, ಸಮನಾದ ತಾಕುಗಳಲ್ಲಿ ಬೆಳೆಯಬೇಕು; ಒಂದು ಸಲವಲ್ಲದೆ ಹಲವು ಜೋಡಿ ತಾಕುಗಳಲ್ಲಿ ಬೆಳೆಯಬೇಕು; ಯಾವ ತಾಕಿಗೆ ಯಾವ ಬೀಜವೆಂಬುದನ್ನು ಮನಸ್ಸಿಗೆ ಬಂದಂತೆ ಗೊತ್ತುಮಾಡದೆ ಚೀಟಿ ಎತ್ತಿ ನಿರ್ಣಯಿಸಬೇಕು. ಚೀಟಿಗೆ ಪಕ್ಷಪಾತವಿಲ್ಲ.

ಇನ್ನು ಲೆಕ್ಕದ ವಿಷಯ. ಒಂದೊಂದು ಗುಂಟೆಯ ನಾಲ್ಕು ಜೋಡಿ ತಾಕುಗಳಲ್ಲಿ ಹೊಸ ಬೀಜವು 40, 34, 43, 35 ಕಿಲೋ, ಹಳೆಯದು 36, 37, 35, 36 ಕಿಲೋ ಕೊಟ್ಟಿತೆಂದು ಇಟ್ಟುಕೊಳ್ಳೋಣ. ಸರಾಸರಿಯು ಹೊಸದಕ್ಕೆ 38, ಹಳೆಯದಕ್ಕೆ 36. ಹೊಸದಕ್ಕೆ 2 ಕಿಲೋ ಹೆಚ್ಚು. ಆದರೆ ಜೋಡಿ ಜೋಡಿಯಾಗಿ ನೋಡಿದರೆ ಒಂದರಲ್ಲಿ 4 ಹೆಚ್ಚು, ಒಂದರಲ್ಲಿ 3 ಕಡಿಮೆ, ಒಂದರಲ್ಲಿ 8 ಹೆಚ್ಚು, ಒಂದರಲ್ಲಿ 1 ಕಡಿಮೆ. ಈ ಏರಿಳಿತದ ಅಳತೆಗೆ ಮಾನಕ ವಿಚಲನೆಯೆಂದು ಹೆಸರು. ಇಲ್ಲಿ ಅದು ಸುಮಾರು 5 ಕಿಲೋ. ಜೋಡಿಗಳ ಸಂಖ್ಯೆಯಾದ ನಾಲ್ಕರ ವರ್ಗಮೂಲದಿಂದ, ಎಂದರೆ ಎರಡರಿಂದ, ಅದನ್ನು ಭಾಗಿಸಿದರೆ ಸರಾಸರಿ ವ್ಯತ್ಯಾಸದಲ್ಲಿ ಇರಬಹುದಾದ ದೋಷವು ಸುಮಾರು ಎರಡೂವರೆ ಕಿಲೋ ಎಂದು ತಿಳಿಯುತ್ತದೆ. ದೋಷಕ್ಕಿಂತಲೂ ಲಾಭ ಕಿರಿದಾಗಿರುವುದರಿಂದ ಹೊಸ ಬೀಜವು ಮೇಲೆಂದು ಹೇಳಲು ಆಧಾರ ಸಾಲದು.

ಅದೇ ನಾಲ್ಕು ಜೋಡಿಗಳಲ್ಲಿ ವ್ಯತ್ಯಾಸವು 2, 3, 1, 2 ಕಿಲೋ ಹೆಚ್ಚೆಂದು ಬಂದಿದ್ದರೆ ಸರಾಸರಿ ಲಾಭವು ಆಗಲೂ 2 ಕಿಲೋ. ಆದರೆ ದೋಷವು ಅರ್ಧ ಕಿಲೋವಿಗೂ ಕಡಿಮೆ. ಲಾಭವು ಅದರ ನಾಲ್ಕು ಪಟ್ಟಿಗಿಂತ ಹೆಚ್ಚು. ನಾಲ್ಕು ಜೋಡಿಗಳ ಪ್ರಯೋಗದಲ್ಲಿ ಮೂರು ಪಟ್ಟಿಗೆ ತುಸು ಮೀರಿದರೆ ಸಾಮಾನ್ಯವಾಗಿ ಅದನ್ನು ನಂಬಲರ್ಹವೆಂದು ಎಣಿಸುತ್ತಾರೆ. ಸರಾಸರಿ ಒಂದೇ; ತೀರ್ಪು ಬೇರೆ. ಆದಕಾರಣ ಸರಾಸರಿಯನ್ನು ಮಾತ್ರ ಹೇಳುವ ಬೀಜದ ವ್ಯಾಪಾರಿಯನ್ನು, ಎಷ್ಟು ತಾಕುಗಳಲ್ಲಿ ನೋಡಿದಿರಿ, ಏರಿಳಿತವೆಷ್ಟು ಎಂದು ಜಮೀನುದಾರರು ಕೇಳತಕ್ಕದ್ದು. ಲಾಭವು ನಿಜವೆಂದು ತಿಳಿದ ಬಳಿಕವೂ ಗುಂಟೆಗೆ 2 ಕಿಲೋ ಎಂದರೆ ಎಕರೆಗೆ 80 ಕಿಲೋ ಮಾತ್ರ. ಅದರ ಬೆಲೆಯು ಬೀಜದ ಹೆಚ್ಚುವರಿ ಖರ್ಚನ್ನು ಮೀರುವುದೇ ಎಂದು ನೋಡಬೇಕು. ಒಂದು ವರ್ಷದ ಮಳೆಯು ಎಲ್ಲ ವರ್ಷಗಳ ಮಳೆಯಲ್ಲವಾದುದರಿಂದ ಎರಡು ಮೂರು ವರ್ಷ ಪರೀಕ್ಷಿಸುವುದು ಇನ್ನೂ ಕ್ಷೇಮ.

ಗ್ರಾಮದ ಮುಖಂಡರಿಗೆ ಈ ವಿಚಾರವು ಇನ್ನೊಂದು ಕಾರಣದಿಂದಲೂ ಸಂಬಂಧಿಸಿದೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರವು ಬೆಳೆ ಕಟಾವು ಪ್ರಯೋಗಗಳ ಸರಾಸರಿಯನ್ನು ಅವಲಂಬಿಸುತ್ತದೆ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತಾಕಿನಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾದರೆ ಎಕರೆಯ ಲೆಕ್ಕದಲ್ಲಿ ಅದು ಸುಮಾರು 162 ಕಿಲೋ ಆಗುತ್ತದೆ. ಗ್ರಾಮ ಪಂಚಾಯತಿಗೆ ಇಂಥ ನಾಲ್ಕೇ ಪ್ರಯೋಗಗಳಿದ್ದರೆ, ಒಂದೇ ತಾಕಿನ ಆ ತಪ್ಪು ಊರಿನ ಸರಾಸರಿಯನ್ನು ಎಕರೆಗೆ 40 ಕಿಲೋವಷ್ಟು ಕದಲಿಸುತ್ತದೆ.

ಆದರೂ ಪ್ರಯೋಗಕ್ಕೆ ಬಂದವರನ್ನು ಕೆಲವೆಡೆ ರಸ್ತೆಯ ಪಕ್ಕದ ಒಳ್ಳೆಯ ಹೊಲಕ್ಕೆ ಕರೆದೊಯ್ಯುವುದುಂಟು, ಆಯಾಸ ತಪ್ಪಲೆಂದು. ಕೆಲವೆಡೆ ಬಾಡಿದ ಹೊಲಕ್ಕೆ, ಪರಿಹಾರ ದೊರೆಯಲೆಂದು. ಮೊದಲನೆಯದರಿಂದ ನಷ್ಟಪಟ್ಟ ರೈತನಿಗೆ ನ್ಯಾಯವಾದ ಪರಿಹಾರ ತಪ್ಪುತ್ತದೆ. ಎರಡನೆಯದರಿಂದ ಊರಿನ ಅಂಕಿಗಳ ಮೇಲಣ ನಂಬಿಕೆಯೇ ಹೋಗುತ್ತದೆ, ಮುಂದೆ ನಿಜವಾಗಿ ಬರ ಬಂದಾಗ ಊರಿನ ಮಾತನ್ನು ಕೇಳುವವರಿರುವುದಿಲ್ಲ. ಆದುದರಿಂದ ಚೀಟಿಯ ಕ್ರಮದಂತೆ ಗೊತ್ತಾದ ಸರ್ವೆ ನಂಬರಿನಲ್ಲಿಯೇ, ಗೊತ್ತಾದ ಸ್ಥಳದಲ್ಲಿಯೇ ಕಟಾವು ನಡೆಯುವಂತೆಯೂ, ತೂಕವನ್ನು ರೈತರ ಎದುರಿನಲ್ಲಿಯೇ ಬರೆಯುವಂತೆಯೂ ನೋಡಿಕೊಳ್ಳುವುದು ಮುಖಂಡರ ಕರ್ತವ್ಯ.

ಬೇಸಾಯದ ಲೆಕ್ಕವು ವಿದ್ವಾಂಸರ ಸೊತ್ತಲ್ಲ. ನಾಲ್ಕು ಜೋಡಿ ತಾಕು, ಒಂದು ತಕ್ಕಡಿ, ಒಂದು ಪುಸ್ತಕ, ಇವಿಷ್ಟಿದ್ದರೆ ಯಾವ ಜಮೀನುದಾರನಾದರೂ ಮುಂಬರುವ ಮುಂಗಾರಿನಲ್ಲಿ ಇದನ್ನು ಆರಂಭಿಸಬಹುದು.