ಜಾಫ್ನಾದಿಂದ ಮರಳಿದವರ ಮಾತು

ಪ್ರತಿ ಜುಲೈ 26ರಂದು ಕಾರ್ಗಿಲ್ ಯೋಧರಿಗೆ ಶಾಲು ಹೊದಿಸುತ್ತೇವೆ, ಒಳ್ಳೆಯದೇ. ಶ್ರೀಲಂಕಾದ ಜಾಫ್ನಾದಿಂದ ಮರಳಿದವರನ್ನು ವೇದಿಕೆಗೆ ಕರೆದ ಊರುಗಳೆಷ್ಟು? 1987ರ ಜುಲೈನ ಭಾರತ–ಶ್ರೀಲಂಕಾ ಒಪ್ಪಂದದ ಬೆನ್ನಿಗೇ ಶಾಂತಿ ಕಾಯಲೆಂದು ಆ ದ್ವೀಪಕ್ಕೆ ಹೋದ ನಮ್ಮ ಪಡೆ ಅಕ್ಟೋಬರ್ ಹೊತ್ತಿಗೆ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ವಿರುದ್ಧ ಬೀದಿ ಕಾಳಗಕ್ಕಿಳಿದಿತ್ತು. ನೆಲಬಾಂಬು, ಮರೆಯಿಂದ ಬರುವ ಗುಂಡು, ಶತ್ರು ಯಾರು ಊರವರು ಯಾರು ಎಂದು ತಿಳಿಯದ ಗಲ್ಲಿಗಳು. ಸುಮಾರು 1,200 ಮಂದಿ ಪ್ರಾಣ ತೆತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಮದ್ರಾಸಿಗೆ ಬಂದಿಳಿದಾಗ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರ ಮೇಲೆ ದೌರ್ಜನ್ಯದ ಆರೋಪ ಪಡೆಯ ಬೆನ್ನಿಗಿತ್ತು.

ಮನೆಗೆ ಬಂದ ಸೈನಿಕನ ಮೌನವನ್ನು ನಾವು ಶಿಸ್ತು, ಸಂಯಮ ಎಂದು ಹೊಗಳುತ್ತೇವೆ. ಅದು ಅರೆಸತ್ಯ. ಗೆದ್ದ ಯುದ್ಧದ ಕಥೆಗೆ ಕೇಳುಗರಿರುತ್ತಾರೆ. ದೆಹಲಿಯೇ ಮರೆಯಬಯಸಿದ ಕಾರ್ಯಾಚರಣೆಗೆ ಯಾರಿದ್ದಾರೆ? ಜೊತೆಗಾರನ ದೇಹ ಹೊತ್ತದ್ದನ್ನು, ತನ್ನ ಗುಂಡಿಗೆ ಬಿದ್ದವರು ಯಾರೋ ಎಂಬ ಸಂಶಯವನ್ನು ಹೆಂಡತಿ ಮಕ್ಕಳೆದುರು ಹೇಗೆ ಬಿಚ್ಚಿಡುವುದು? (ಮದುವೆಮನೆಯಲ್ಲಿ ‘ಎಷ್ಟು ಜನರನ್ನು ಹೊಡೆದಿರಿ?’ ಎಂದು ಕೇಳುವ ನಮ್ಮವರ ಬಾಯಿಚಪಲವೂ ಅವರ ಬಾಯಿ ಕಟ್ಟುತ್ತದೆ.)

ಆಗ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ರಾಜ್ಯದ ಸೈನಿಕ ಕಲ್ಯಾಣ ಇಲಾಖೆ ಪಿಂಚಣಿ ಅರ್ಜಿಗಳಾಚೆಗೂ ನೋಡಲಿ. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳ ಜೊತೆಗೂಡಿ, ಹೇಳಲು ಒಪ್ಪುವವರ ಮಾತನ್ನು ಧ್ವನಿಮುದ್ರಿಸಲಿ. ಒಪ್ಪದವರನ್ನು ಪೀಡಿಸುವುದು ಬೇಡ. ಇಂದಿಗೂ ನಿದ್ದೆಗೆಡುವವರಿಗೆ ಮನೋವೈದ್ಯರ ನೆರವು ಜಿಲ್ಲಾ ಕೇಂದ್ರದಲ್ಲೇ ಸಿಗುವಂತಾಗಲಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಈ ವರ್ಷವೇ ಆರಂಭಿಸಬಹುದು.