ಊರ ಅಂಗಳಕ್ಕೆ ವಿದ್ವತ್ತು

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗಿ, ಕಾಲಾಂತರದಲ್ಲಿ ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಶಾಸ್ತ್ರವಿಷಯಗಳನ್ನು ತಿಳಿಗನ್ನಡದಲ್ಲಿ ಜನಸಾಮಾನ್ಯರಿಗೆ ನಿರೂಪಿಸುವ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನೇ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿದುದನ್ನು ಹಿರಿಯ ಓದುಗರು ಮರೆತಿರಲಾರರು. ಆ ಪುಟ್ಟ ಪುಸ್ತಕಗಳು ಎಷ್ಟು ಮನೆಗಳಲ್ಲಿ ಮೊದಲ ಗ್ರಂಥಭಂಡಾರವಾದುವೋ!

2007ರಲ್ಲಿ ಪ್ರತ್ಯೇಕ ಜಿಲ್ಲೆಯಾದ ರಾಮನಗರದಲ್ಲಿಯೂ ವಿಚಾರಸಂಕಿರಣಗಳು ಜರುಗುತ್ತಿವೆ. ಆದರೆ ಕೆಲಸದ ದಿನದ ನಡುಹಗಲಿನಲ್ಲಿ, ಕಾಲೇಜಿನ ಗೋಡೆಗಳೊಳಗೆ, ಪ್ರಮಾಣಪತ್ರಾರ್ಥಿಗಳ ಮುಂದೆಯೇ ಪ್ರಬಂಧ ಮಂಡಿತವಾದರೆ, ಗೂಡಿನ ಮಾರುಕಟ್ಟೆಯ ಹರಾಜಿಗೆ ಕಾದು ನಿಂತ ರೇಷ್ಮೆ ಬೆಳೆಗಾರನೂ, ಚನ್ನಪಟ್ಟಣದಲ್ಲಿ ತಿರುಗುವ ಮರದ ತುಂಡಿಗೆ ಅರಗಿನ ಬಣ್ಣವನ್ನು ಹಿಡಿಸುತ್ತಿರುವ ಕುಶಲಕರ್ಮಿಯೂ, ತಮ್ಮ ಬಾಳನ್ನೇ ಕುರಿತ ಆ ಚರ್ಚೆಗೆ ಬರುವುದೆಂತು?

ಮಾದರಿಯನ್ನು ಅರಸಲು ದೂರ ಹೋಗಬೇಕಾಗಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು, ರಾಮನಗರದ ಹೆದ್ದಾರಿಯ ಬದಿಯ 15 ಎಕರೆ ನೆಲದಲ್ಲಿ ಜಾನಪದ ಲೋಕವನ್ನು ನಿರ್ಮಿಸಿ, ಹಾಡುವವನೂ ಹಾಡನ್ನು ಶಾಸ್ತ್ರವಾಗಿ ಅಭ್ಯಸಿಸುವವನೂ ಒಂದೇ ಅಂಗಳದಲ್ಲಿ ಸಮಾನರಾಗಿ ಕೂಡಬಲ್ಲರೆಂಬುದನ್ನು ತೋರಿಸಿಕೊಟ್ಟರು. ಪರಿಷತ್ತು ಸರ್ಕಾರದ ಇಲಾಖೆಯಲ್ಲ, ಜನರ ಸಂಸ್ಥೆ, ಇದು ಗಮನಾರ್ಹ.

ಮಾಗಡಿಯಲ್ಲಿ ಕೆಂಪೇಗೌಡರ ವಂಶದ ಇತಿಹಾಸವನ್ನೂ, ಕನಕಪುರದಲ್ಲಿ ಮೇಕೆದಾಟುವಿನ ನೀರಿನ ಪ್ರಶ್ನೆಯನ್ನೂ ಕುರಿತು, ಭಾನುವಾರದ ಸಂಜೆ, ಕನ್ನಡದಲ್ಲಿ, ಅರ್ಧ ವೇಳೆಯನ್ನು ಸಭಿಕರ ಪ್ರಶ್ನೆಗಳಿಗೇ ಮೀಸಲಿಟ್ಟು ಉಪನ್ಯಾಸಗಳನ್ನು ನಡೆಸುವಂತೆ ನಮ್ಮ ಕಾಲೇಜುಗಳ ಮಾನವಿಕ ವಿಭಾಗಗಳನ್ನು ಪ್ರಾರ್ಥಿಸುತ್ತೇವೆ. ಊರಿನ ಗ್ರಂಥಾಲಯದ ಜಗಲಿಯಾದರೂ ಸಾಕು.