ರಾಣಿಯ ಚಿತ್ರ

ಛಾಯಾಗ್ರಹಣದ ಹುಚ್ಚುಳ್ಳ ಗಂಡನ ಸಂಸಾರದಲ್ಲಿ ಹೆಂಡತಿಗೆ ದೊರೆಯುವ ಸ್ಥಾನ ಕ್ಯಾಮೆರಾದ ಪಕ್ಕದಲ್ಲಿಯೇ ಹೊರತು ಮುಂದಲ್ಲ.

1968ರ ಮಳೆಗಾಲದಲ್ಲಿ ಬೆಂಗಳೂರಿನ ರಾಯರೊಬ್ಬರು, ಮದುವೆಯಾಗಿ ಹತ್ತು ವರ್ಷಗಳ ಮೇಲೆ, ಮೊದಲ ಬಾರಿಗೆ ಪತ್ನೀಸಮೇತರಾಗಿ ಪ್ರವಾಸ ಹೊರಟರು. ತಾಳಗುಪ್ಪದವರೆಗೆ ರೈಲು, ಅಲ್ಲಿಂದ ಜೋಗಕ್ಕೆ ಬಸ್ಸು. ಆಕೆ ಪೆಟ್ಟಿಗೆಯ ತಳದಲ್ಲಿದ್ದ ಧಾರೆಯ ಸೀರೆಯನ್ನೇ ಉಟ್ಟಿದ್ದರು.

830 ಅಡಿ ಆಳಕ್ಕೆ ಧುಮುಕುವ ಶರಾವತಿಯನ್ನು ಕಂಡದ್ದೇ ತಡ, ರಾಯರು ಲೋಕವನ್ನೇ ಮರೆತರು. ರಾಜ, ರಾಣಿ, ರೋರರ್, ರಾಕೆಟ್ – ನಾಲ್ಕು ಧಾರೆಗಳಿಗೂ 36 ಚಿತ್ರಗಳ ಸುರುಳಿ ಮುಗಿಯಿತು. ಕ್ಯಾಮೆರಾ ನೆನೆಯದಂತೆ ಆಕೆ ಕೊಡೆ ಹಿಡಿದು ನಿಂತಿದ್ದರು.

ಚಿತ್ರಗಳು ಮುದ್ರಣವಾಗಿ ಬಂದಾಗ ಆಕೆ ಒಂದೊಂದನ್ನೂ ನೋಡಿ, “ರಾಜನಿದ್ದಾನೆ, ರಾಣಿಯೂ ಇದ್ದಾಳೆ. ಈ ಮೂಲೆಯಲ್ಲಿ ಕಪ್ಪಗಿರುವುದು ನನ್ನ ಕೊಡೆಯಲ್ಲವೆ?” ಎಂದಷ್ಟೇ ಕೇಳಿದರು. ಸೀರೆ ಮತ್ತೆ ಪೆಟ್ಟಿಗೆಯ ತಳ ಸೇರಿತು. ರಾಯರಿಗೆ ಅಂದಿನ ಊಟ ರುಚಿಸಲಿಲ್ಲ.

ಮರುವರ್ಷ ಅವರೇ ಜೋಗಕ್ಕೆ ಟಿಕೆಟ್ಟು ತಂದರು. ಈ ಸಲ ಮಂಜು ಕವಿದು ಜಲಪಾತದ ಸದ್ದಷ್ಟೇ ಕೇಳಿಸಿತು. ಕೊಡೆ ಆಕೆಯ ತಲೆಯ ಮೇಲಿತ್ತು. ರಾಯರು ಪೂರ್ತಿ ತೊಯ್ದು, ಸುರುಳಿಯೆಲ್ಲ ಆಕೆಗೇ ಮುಗಿಸಿದರು.

ಅವುಗಳಲ್ಲೊಂದು ನಡುಮನೆಯ ಗೋಡೆಯನ್ನೇರಿತು. “ಇದೆಲ್ಲಿ ತೆಗೆದದ್ದು?” ಎಂದು ನೆಂಟರು ಕೇಳಿದರೆ ಆಕೆ ಗಂಭೀರವಾಗಿ ಹೇಳುತ್ತಿದ್ದರು:

“ಜೋಗದಲ್ಲಿ. ಹಿಂದೆ ಬೆಳ್ಳಗಿರುವುದೇ ಜಲಪಾತ, ನಂಬಿಕೆಯಿದ್ದವರಿಗೆ ಕಾಣಿಸುತ್ತದೆ.”